ಕೊಕ್ಕಿಗೊಂದು ಕೆಲಸ

ಪುಕ್ಕ ಕಿತ್ತುಕೊಳ್ಳುವ ಗಿಳಿಯನ್ನು ಮುಂದಿಟ್ಟರೆ, ಹಕ್ಕಿಗಳನ್ನು ಬಲ್ಲ ಪಶುವೈದ್ಯರು ಮೊದಲು ನೋಡುವುದು ಅದರ ತಲೆಯನ್ನು. ಎದೆ ಬೋಳು, ರೆಕ್ಕೆಯ ಅಡಿ ಬೋಳು, ತೊಡೆಯ ಮೇಲೆ ಅಲ್ಲಲ್ಲಿ ಒಂದಿಷ್ಟು ತುಪ್ಪುಳ. ಆದರೆ ನೆತ್ತಿ, ಕೆನ್ನೆಗಳ ಗರಿ ಮಾತ್ರ ಬಾಚಿಟ್ಟಂತೆ ಅಚ್ಚುಕಟ್ಟಾಗಿದೆ ಎಂದರೆ ಕೀಳುತ್ತಿರುವುದು ಅದೇ ಹಕ್ಕಿ. ಗಿಳಿಯ ಕೊಕ್ಕು ಅದರ ಮೈಯ ಮೇಲೆ ತಲುಪದ ಜಾಗ ತಲೆಯೊಂದೇ. ತಲೆಯೂ ಬೋಳಾಗಿದ್ದರೆ ಲೆಕ್ಕ ಬೇರೆ: ಜತೆಗಿರುವ ಇನ್ನೊಂದು ಹಕ್ಕಿ ಕೀಳುತ್ತಿರಬೇಕು, ಇಲ್ಲವೇ ಗರಿಯನ್ನೇ ಕೆಡಿಸುವ ರೋಗ ಇರಬೇಕು. (ಹಳದಿ ಮಿಶ್ರಿತ ಬಿಳಿಯ ಲುಟಿನೊ ಕಾಕಟೀಲ್ ಸಾಕಿದವರು ಇಲ್ಲಿ ಗಾಬರಿಯಾಗಬೇಕಿಲ್ಲ. ಅವುಗಳ ಜುಟ್ಟಿನ ಹಿಂದಿನ ಬೋಳು ಹುಟ್ಟಿನಿಂದ ಬಂದದ್ದು.)

ಎರಡನೆಯದಾಗಿ ಅವರು ಕೇಳುವುದು ಉದುರಿದ ಗರಿಗಳನ್ನು. ಪಂಜರ ಗುಡಿಸಿ ಕಸದ ಬುಟ್ಟಿಗೆ ಹಾಕಿಬಿಟ್ಟಿರುತ್ತೇವೆ. ಹಾಕಬಾರದು, ಒಂದು ಕವರಿನಲ್ಲಿ ಎತ್ತಿಡಬೇಕು. ಕಾಲಕ್ಕೆ ಸರಿಯಾಗಿ ಉದುರಿದ ಗರಿ ಪೂರ್ತಿಯಾಗಿರುತ್ತದೆ, ಬುಡ ಒಣಗಿರುತ್ತದೆ, ಅದು ಬಿದ್ದ ಜಾಗದಲ್ಲಿ ಹೊಸ ಗರಿಯ ಮೊನೆ ಕಾಣುತ್ತದೆ, ಚರ್ಮ ಬರಿದಾಗುವುದಿಲ್ಲ. ಕಿತ್ತ ಗರಿಯ ಬುಡದಲ್ಲಿ ಕೆಲವೊಮ್ಮೆ ರಕ್ತದ ಗುರುತಿರುತ್ತದೆ. ಕೀಳದೆ ಬರೀ ಜಗಿಯುವ ಗಿಳಿಗಳೂ ಇವೆ. ಅವುಗಳ ಗರಿಯ ತುದಿ ಹರಕು, ಕಡ್ಡಿ ಮುರಿದಿರುತ್ತದೆ. ಕಿತ್ತ ಗರಿಗೂ ಜಗಿದ ಗರಿಗೂ ಇರುವ ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

ನಮ್ಮ ನಗರಗಳ ಮನೆಗಳಲ್ಲಿ ಈ ತೊಂದರೆಯೊಂದಿಗೆ ಸಿಗುವುದು ಬಹುಪಾಲು ಹೊರದೇಶದ ಗಿಳಿಗಳು: ಆಫ್ರಿಕನ್ ಗ್ರೇ, ಕಾಕಟೂ, ಮಕಾವ್, ಕೊನ್ಯೂರ್, ಕಾಕಟೀಲ್. ಸಾಕಿದ ಗಿಳಿಗಳಲ್ಲಿ ಹತ್ತರಲ್ಲಿ ಒಂದು ತನ್ನ ಗರಿಗೆ ತಾನೇ ಹಾನಿ ಮಾಡಿಕೊಳ್ಳುತ್ತದೆ ಎಂಬುದು ಪರಿಣತರ ಅಂದಾಜು. ಮೊದಲೆರಡು ಜಾತಿಗಳಂತೂ ಇಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಮೇಲೇ ಇರುತ್ತವೆ. ನಮ್ಮ ತೋಟದ ಹಸಿರು ಗಿಳಿಯ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಅಜ್ಜಿಯ ಕಾಲದಿಂದ ಮನೆಯಲ್ಲಿದೆ ಎಂಬ ಸಮಜಾಯಿಷಿ ಕಾನೂನಿಗೆ ಬೇಕಿಲ್ಲ. ಅಂಥ ಹಕ್ಕಿ ಪುಕ್ಕ ಕೀಳುತ್ತಿದ್ದರೆ ಹೋಗಬೇಕಾದ ಜಾಗ ಅರಣ್ಯ ಇಲಾಖೆ ಅಥವಾ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್‌ನಂಥ ವನ್ಯಜೀವಿ ಆಸ್ಪತ್ರೆ. ಹೊರದೇಶದ ಗಿಳಿಗಳಿಗೂ ಈಗ ಲೆಕ್ಕ ಬಂದಿದೆ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜಾತಿಗಳನ್ನು ಸಾಕುವವರು ಕೇಂದ್ರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಆಫ್ರಿಕನ್ ಗ್ರೇ 2017ರಿಂದ ಆ ಪಟ್ಟಿಯ ಅತಿ ಕಟ್ಟುನಿಟ್ಟಿನ ಭಾಗದಲ್ಲಿದೆ. ಕಾಡಿನಿಂದ ಹಿಡಿದು ಮಾರಿ ಮಾರಿ ಪಶ್ಚಿಮ ಆಫ್ರಿಕದ ಎಷ್ಟೋ ಕಡೆ ಅದು ಕಾಣದಂತಾಗಿದೆ.

ಸಾಕಿದವರ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಇದನ್ನ ನಿಲ್ಲಿಸೋದು ಹೇಗೆ ಡಾಕ್ಟ್ರೇ?’ ಹಚ್ಚಲು ಎಣ್ಣೆ, ಸಿಂಪಡಿಸಲು ಕಹಿ ದ್ರಾವಣ, ಕುತ್ತಿಗೆಗೆ ಪಟ್ಟಿ, ಏನಾದರೊಂದು ಹೇಳಿ ಎಂದು. ನನಗೆ ಈ ಪ್ರಶ್ನೆಯೇ ಸ್ವಲ್ಪ ವಾರೆ ಅನ್ನಿಸುತ್ತದೆ. ಗಿಳಿಯ ಕೊಕ್ಕು ಎಚ್ಚರವಿದ್ದಷ್ಟು ಹೊತ್ತು ಏನನ್ನಾದರೂ ಸೀಳುತ್ತ, ಸುಲಿಯುತ್ತ, ಬಿಡಿಸುತ್ತ ಇರಲೆಂದೇ ಆದ ಉಪಕರಣ. ಪಂಜರದಲ್ಲಿ ಅದಕ್ಕೆ ಸಿಗುವ ಸುಲಿಯಬಹುದಾದ ವಸ್ತು ತನ್ನ ಮೈಯ ಗರಿಯೊಂದೇ ಆದಾಗ ಅದು ಗರಿ ಸುಲಿಯುತ್ತದೆ. ಹಾಗಾಗಿ ಕೇಳಬೇಕಾದದ್ದು, ಈ ಹಕ್ಕಿ ದಿನವಿಡೀ ಏನು ಮಾಡುತ್ತದೆ ಎಂದು.

ಅದಕ್ಕೂ ಮೊದಲು ಮೈಯ ಕಾಯಿಲೆ ಇಲ್ಲವೆಂದು ಖಾತ್ರಿಯಾಗಬೇಕು. ಈ ಮೆಟ್ಟಿಲನ್ನು ಹಾರಿ ಆಟಿಕೆ ತರಲು ಹೋಗುವವರೇ ಹೆಚ್ಚು.

ಮೈಯೊಳಗಿನ ಕಾರಣಗಳು

ನೋವಿರುವ ಕಡೆ ಕೀಳುವುದು ಗಿಳಿಯ ಸ್ವಭಾವ. ಪಿತ್ತಜನಕಾಂಗದ ತೊಂದರೆ, ಗಾಳಿಚೀಲಗಳಲ್ಲಿ ಶಿಲೀಂಧ್ರ, ಚರ್ಮದ ಸೋಂಕು, ಕಾಕಟೀಲ್‌ಗಳ ಕರುಳಿನಲ್ಲಿ ಸೇರುವ ಜಿಯಾರ್ಡಿಯ ಎಂಬ ಪರಾವಲಂಬಿ, ಕ್ಲಾಮಿಡಿಯ ಸೋಂಕು (ಇದು ಮನುಷ್ಯರಿಗೂ ಹರಡುತ್ತದೆ): ಎಲ್ಲವೂ ಪುಕ್ಕ ಕೀಳುವುದರಲ್ಲೇ ಮೊದಲು ತೋರಿಕೊಳ್ಳಬಹುದು. ತಲೆಯ ಗರಿಯೂ ಹೋಗಿ, ಹೊಸ ಗರಿ ಸೊಟ್ಟಗೆ ಮೊಂಡಾಗಿ ಬರುತ್ತಿದ್ದರೆ ಸರ್ಕೋವೈರಸ್‌ನಿಂದ ಬರುವ ಕೊಕ್ಕು–ಗರಿ ರೋಗದ ಶಂಕೆ. ಅದಕ್ಕೆ ಮದ್ದಿಲ್ಲ, ಗರಿಯ ಪುಡಿ ಮತ್ತು ಹಿಕ್ಕೆಯ ಮೂಲಕ ಬೇರೆ ಗಿಳಿಗಳಿಗೆ ಹರಡುತ್ತದೆ. ಆದ್ದರಿಂದ ಮನೆಯಲ್ಲಿ ಬೇರೆ ಹಕ್ಕಿಗಳಿದ್ದರೆ ಪಿಸಿಆರ್ ಪರೀಕ್ಷೆ ಮಾಡಿಸುವುದರಲ್ಲಿ ತಡಮಾಡಬಾರದು. ಹುಳ, ಹೇನು ಎಂದು ಎಲ್ಲರೂ ಮೊದಲು ಊಹಿಸುತ್ತಾರೆ. ಮನೆಯೊಳಗೆ ಬೆಳೆದ ದೊಡ್ಡ ಗಿಳಿಗಳಲ್ಲಿ ಅದು ಅಪರೂಪ. ಆದರೂ ಅಂಗಡಿಯವನು ಕೊಟ್ಟ ಹೇನಿನ ಪುಡಿಯನ್ನು ತಂದು ಮೈಗೆಲ್ಲ ಹಾಕುವುದು ನಡೆದೇ ಇದೆ, ಅದರಿಂದ ಉರಿ ಹೆಚ್ಚಿ ಹಕ್ಕಿ ಇನ್ನಷ್ಟು ಕೀಳುವುದೂ ನಡೆದೇ ಇದೆ.

ನಮ್ಮ ಕಡೆ ಹೆಚ್ಚು ಗಮನಕ್ಕೆ ಬರಬೇಕಾದದ್ದು ಸತು. ಜಿ.ಐ. ತಂತಿಯ ಅಗ್ಗದ ಪಂಜರಗಳಿಗೆ ತುಕ್ಕು ಹಿಡಿಯದಿರಲೆಂದು ಸತುವಿನ ಲೇಪ ಕೊಟ್ಟಿರುತ್ತಾರೆ. ಗಿಳಿ ಪಂಜರ ಹತ್ತುವುದೇ ಕೊಕ್ಕಿನಿಂದ. ಲೇಪ ಚಕ್ಕೆಚಕ್ಕೆಯಾಗಿ ಹೊಟ್ಟೆ ಸೇರುತ್ತದೆ. ಹಳೆಯ ಪೇಂಟಿನ ಸೀಸ, ಆಟಿಕೆ ಗಂಟೆಯೊಳಗಿನ ಗುಂಡು ಕೂಡ ಹೀಗೆಯೇ. ರಕ್ತ ಪರೀಕ್ಷೆ, ಒಂದು ಎಕ್ಸ್‌ರೇ ಸಾಕು ಗೊತ್ತಾಗಲು, ಗೊತ್ತಾದರೆ ಚಿಕಿತ್ಸೆಯೂ ಇದೆ. ಸ್ಟೇನ್‌ಲೆಸ್ ಸ್ಟೀಲಿನ ಪಂಜರ ದುಬಾರಿ, ನಿಜ. ಹಕ್ಕಿಗೆ ಕೊಟ್ಟ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಅಷ್ಟೇನೂ ಅಲ್ಲ.

ಇನ್ನು ಊಟ. ಬಟ್ಟಲು ತುಂಬ ಸೂರ್ಯಕಾಂತಿ ಬೀಜ ಹಾಕಿದರೆ ಗಿಳಿ ಖುಷಿಯಾಗಿ ತಿನ್ನುತ್ತದೆ, ಮನೆಯವರಿಗೂ ಸಮಾಧಾನ. ಆದರೆ ಆ ಬೀಜದಲ್ಲಿ ಕೊಬ್ಬು ಧಾರಾಳ, ಎ ಜೀವಸತ್ವ ಮತ್ತು ಕ್ಯಾಲ್ಸಿಯಂ ಅತ್ಯಲ್ಪ. ಎ ಜೀವಸತ್ವ ಇಲ್ಲದೆ ಚರ್ಮ ಒಣಗಿ ಹೊಟ್ಟೇಳುತ್ತದೆ, ಗರಿ ಸರಿಯಾಗಿ ಬೆಳೆಯುವುದಿಲ್ಲ, ಕೆರೆತ ಶುರುವಾಗುತ್ತದೆ. ಆಫ್ರಿಕನ್ ಗ್ರೇಗೆ ಕ್ಯಾಲ್ಸಿಯಂ ಕಡಿಮೆಯಾದರೆ ಫಿಟ್ಸ್ ಬರುವುದೂ ಉಂಟು. ಗಿಳಿಗಳಿಗೆಂದೇ ಮಾಡಿದ ಪೆಲೆಟ್ ಆಹಾರ ಅರ್ಧಕ್ಕಿಂತ ಹೆಚ್ಚಿರಲಿ, ಉಳಿದದ್ದು ನಮ್ಮ ಅಡುಗೆಮನೆಯಿಂದಲೇ ಸಿಗುತ್ತದೆ: ಕ್ಯಾರೆಟ್, ಸಿಹಿಗುಂಬಳ, ಬೇಯಿಸಿದ ಗೆಣಸು, ಪರಂಗಿ, ನುಗ್ಗೆಸೊಪ್ಪು. ಪಾಲಕ್ ಅಪರೂಪಕ್ಕೆ ಸಾಕು, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಿಳಿಗೆ ಮೆಣಸಿನಕಾಯಿ ಕೊಡುವ ನಮ್ಮ ಹಳೆಯ ರೂಢಿ ಮಾತ್ರ ಒಳ್ಳೆಯದೇ. ಖಾರವನ್ನು ಖಾರವೆಂದು ತಿಳಿಸುವ ನರದ ಬಾಗಿಲು ಹಕ್ಕಿಗಳಲ್ಲಿ ಕ್ಯಾಪ್ಸೈಸಿನ್‌ಗೆ ತೆರೆಯುವುದಿಲ್ಲ, ಎಷ್ಟೇ ಖಾರದ ಮೆಣಸಿನಕಾಯಿಯನ್ನೂ ಅವು ಹಣ್ಣಿನಂತೆ ತಿನ್ನುತ್ತವೆ. ಹಣ್ಣಾದ ಮೆಣಸಿನಲ್ಲಿ ಎ ಜೀವಸತ್ವದ ಮೂಲವಸ್ತು ಚೆನ್ನಾಗಿಯೇ ಇದೆ. ಬೆಣ್ಣೆಹಣ್ಣು, ಚಾಕೊಲೇಟ್, ಈರುಳ್ಳಿ ಕೊಡಲೇಬಾರದು. ಬೆಣ್ಣೆಹಣ್ಣು ಕೊಂದೇಬಿಡಬಹುದು.

ಬೀಜದಿಂದ ಪೆಲೆಟ್‌ಗೆ ಒಂದೇ ದಿನದಲ್ಲಿ ಬದಲಿಸುವ ಶೂರತನ ಬೇಡ. ಗುರುತಿಲ್ಲದ ತಿಂಡಿಯನ್ನು ತಿನ್ನುವುದಕ್ಕಿಂತ ಉಪವಾಸವೇ ಲೇಸೆಂದು ಕೂರುವ ಗಿಳಿಗಳಿವೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ತೂಗಿ ಬರೆದಿಡಿ. ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ ಅದು ತುರ್ತು ಪರಿಸ್ಥಿತಿ.

ಗಾಳಿಯ ಮಾತನ್ನೂ ಇಲ್ಲೇ ಹೇಳಬೇಕು. ಆಫ್ರಿಕನ್ ಗ್ರೇ ಹುಟ್ಟಿದ್ದು ಮಧ್ಯ ಆಫ್ರಿಕದ ಮಳೆಕಾಡಿನ ತೇವದಲ್ಲಿ. ಬೆಂಗಳೂರಿನ ಫೆಬ್ರವರಿ, ಮಾರ್ಚ್ ತಿಂಗಳ ಒಣಗಾಳಿ, ಬಳ್ಳಾರಿ–ರಾಯಚೂರಿನ ಬೇಸಿಗೆ, ಎ.ಸಿ. ಕೋಣೆ ಇವೆಲ್ಲ ಅದರ ಚರ್ಮವನ್ನು ಬಿರುಕು ಬಿಡಿಸುತ್ತವೆ. ವಾರಕ್ಕೆ ಮೂರ್ನಾಲ್ಕು ಸಲವಾದರೂ ಬರಿಯ ನೀರನ್ನು ಇಬ್ಬನಿಯಂತೆ ಮೇಲಿನಿಂದ ಸಿಂಪಡಿಸಿ, ಮುಖಕ್ಕೆ ಎರಚಬೇಡಿ. ಹೆದರುವ ಹಕ್ಕಿಯಾದರೆ ಅಗಲ ತಟ್ಟೆಯಲ್ಲಿ ನೀರಿಟ್ಟು ಅದರಲ್ಲಿ ಒದ್ದೆ ಕೊತ್ತಂಬರಿ ಕಟ್ಟು ಹಾಕಿ ಬಿಡಿ, ತಾನೇ ಇಳಿಯುತ್ತದೆ. ಬೆಳಿಗ್ಗೆಯೇ ಆಗಬೇಕು, ಸಂಜೆಯೊಳಗೆ ಒಣಗಬೇಕು. ಕೊಬ್ಬರಿ ಎಣ್ಣೆ, ಬೇವಿನೆಣ್ಣೆ, ಅರಿಶಿನ ಇವನ್ನು ದಯವಿಟ್ಟು ನಮ್ಮ ಮೈಗೇ ಇಟ್ಟುಕೊಳ್ಳೋಣ. ಎಣ್ಣೆ ತಾಗಿದ ಗರಿ ಅಂಟಿಕೊಂಡು ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತದೆ. ಗಿಳಿ ಆ ಅಂಟನ್ನು ತೆಗೆಯಲೆಂದೇ ಮತ್ತೆ ಕೀಳುತ್ತದೆ.

ನಮ್ಮ ಮನೆಗಳ ಹೊಗೆಯ ಬಗ್ಗೆ ವಿದೇಶದ ಪುಸ್ತಕಗಳಲ್ಲಿ ಬರೆದಿರುವುದಿಲ್ಲ. ಎರಡು ಹೊತ್ತು ಅಗರಬತ್ತಿ, ಶುಕ್ರವಾರ ಸಾಂಬ್ರಾಣಿ, ರಾತ್ರಿ ಸೊಳ್ಳೆ ಬತ್ತಿ, ಬೆಳಿಗ್ಗೆ ಒಗ್ಗರಣೆ. ಹಕ್ಕಿಯ ಶ್ವಾಸಾಂಗ ನಮ್ಮದಕ್ಕಿಂತ ಬಹಳ ಸೂಕ್ಷ್ಮ. ಗಾಳಿ ಅದರ ಮೈಯೊಳಗಿನ ಚೀಲಗಳಲ್ಲೆಲ್ಲ ಸುತ್ತಿ ಬರುತ್ತದೆ. ದೇವರ ಮನೆಯ ಪಕ್ಕದಲ್ಲಿ, ಅಡುಗೆಮನೆಯ ಬಾಗಿಲಲ್ಲಿ ಪಂಜರ ಇಡಬಾರದು. ಸಿಗರೇಟು ಸೇದಿದ ಕೈಯಲ್ಲಿ ಹಕ್ಕಿಯನ್ನು ಎತ್ತಿಕೊಂಡರೆ ಬೆರಳಿನ ನಿಕೋಟಿನ್ ಅದರ ಕಾಲಿಗೂ ಗರಿಗೂ ಹತ್ತಿ ಉರಿ ಎಬ್ಬಿಸುತ್ತದೆ. ಇನ್ನು ಒಲೆಯ ಮೇಲೆ ಮರೆತು ಕಾದು ಹೋದ ನಾನ್‌ಸ್ಟಿಕ್ ಕಾವಲಿಯ ಹೊಗೆ ಗರಿಯ ಪ್ರಶ್ನೆಯೇ ಅಲ್ಲ, ಅದು ನಿಮಿಷಗಳಲ್ಲಿ ಜೀವ ತೆಗೆಯುತ್ತದೆ.

ಖಾಲಿ ದಿನ

ಪರೀಕ್ಷೆಗಳೆಲ್ಲ ಸರಿ ಬಂದವು, ಊಟ ಬದಲಾಯಿತು, ಆದರೂ ಕೀಳುತ್ತಿದೆ. ಈಗ ನೋಡಬೇಕಾದದ್ದು ಹೊರಗಿನ ಗಿಳಿಯನ್ನು. ಗದಗ, ಕೊಪ್ಪಳದ ಕಡೆ ಸೂರ್ಯಕಾಂತಿ ಅಥವಾ ಜೋಳದ ಹೊಲ ಕಾದವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಳಕು ಹರಿಯುತ್ತಲೇ ಹಿಂಡು ಬಂದಿಳಿಯುತ್ತದೆ, ತೆನೆಗೆ ತಲೆಕೆಳಗಾಗಿ ಜೋತು ಬೀಳುತ್ತದೆ, ಒಂದು ಕಾಳು ಕಿತ್ತು ಸುಲಿದು ತಿಂದು ಎರಡು ಉದುರಿಸುತ್ತದೆ, ಕವಣೆ ಕಲ್ಲಿಗೆ ಎದ್ದು ಇನ್ನೊಂದು ಹೊಲಕ್ಕೆ ಹಾರುತ್ತದೆ. ರೈತನಿಗೆ ಅದು ನಷ್ಟ. ಗಿಳಿಗೆ ಅದು ನೌಕರಿ. ಹುಡುಕುವುದು, ತಲುಪುವುದು, ಬಿಡಿಸುವುದು, ನಡುವೆ ಜತೆಯವರೊಂದಿಗೆ ಕಿರುಚಾಟ, ಮೈ ನೇವರಿಸಿಕೊಳ್ಳುವುದು. ಕಾಡಿನ ಗಿಳಿಯ ಹಗಲಿನ ಅರ್ಧದಷ್ಟು ಊಟದ ಹಿಂದೆಯೇ ಕಳೆಯುತ್ತದೆ. ಅದೇ ಹಕ್ಕಿಯನ್ನು ಪಂಜರದಲ್ಲಿಟ್ಟು ಬಟ್ಟಲು ತುಂಬಿಸಿ ಕೊಟ್ಟರೆ ದಿನದ ಊಟ ಒಂದು ಗಂಟೆಯೊಳಗೆ ಮುಗಿಯುತ್ತದೆ. ಮಿಕ್ಕ ಹೊತ್ತು?

ಈ ಮಿಕ್ಕ ಹೊತ್ತಿನ ಮೇಲೆ ಚೆನ್ನಾದ ಅಧ್ಯಯನಗಳಿವೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಚೆರಿಲ್ ಮೀಹನ್ ಮತ್ತು ಜತೆಗಾರರು ಅಮೆಜಾನ್ ಗಿಳಿಮರಿಗಳನ್ನು ಎರಡು ಗುಂಪು ಮಾಡಿ 48 ವಾರ ಗಮನಿಸಿದರು. ಒಂದು ಗುಂಪಿಗೆ ಬರಿಯ ಪಂಜರ ಮತ್ತು ಬಟ್ಟಲು. ಇನ್ನೊಂದಕ್ಕೆ ಹುಡುಕಿ, ತೂತಿನಿಂದ ಎಳೆದು, ಬಿಡಿಸಿ ತಿನ್ನಬೇಕಾದ ಊಟ, ಹತ್ತಲು ಇಳಿಯಲು ಬಗೆಬಗೆಯ ವಸ್ತುಗಳು. ಮೊದಲ ಗುಂಪಿನ ಗರಿ ಕೆಡುತ್ತ ಹೋಯಿತು, ಎರಡನೆಯದರದು ಚೆನ್ನಾಗಿ ಉಳಿಯಿತು. ಆಮೇಲೆ ಬರಿಯ ಪಂಜರದ ಗಿಳಿಗಳಿಗೂ ಅದೇ ಅನುಕೂಲ ಕೊಟ್ಟಾಗ ಅವುಗಳ ಗರಿಯೂ ಸುಧಾರಿಸಿತು. 2003ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಪುಕ್ಕ ಕೀಳುವ ಗಿಳಿ ಸಾಕಿದವರೆಲ್ಲ ಗೋಡೆಗೆ ಅಂಟಿಸಿಕೊಳ್ಳಬೇಕು: ತಡೆಯಲೂ ಬರುತ್ತದೆ, ಹಿಂದಿರುಗಿಸಲೂ ಬರುತ್ತದೆ.

ಇನ್ನೊಂದು, 2021ರದ್ದು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಜತೆಗಾರರೂ 50 ಜಾತಿಯ 1,378 ಸಾಕುಗಿಳಿಗಳ ಮಾಹಿತಿ ಒಟ್ಟುಹಾಕಿ, ಯಾವ ಜಾತಿಗಳು ಪಂಜರದಲ್ಲಿ ಹೆಚ್ಚು ನರಳುತ್ತವೆ ಎಂದು ನೋಡಿದರು. ಮಿದುಳು ದೊಡ್ಡದಿರುವ ಜಾತಿಗಳಲ್ಲಿ ಪಂಜರದ ಸರಳು ಕಚ್ಚುತ್ತಲೇ ಇರುವುದು, ಒಂದೇ ದಾರಿಯಲ್ಲಿ ಅತ್ತಿತ್ತ ಓಡಾಡುವುದು ಹೆಚ್ಚು. ಗರಿ ಕೆಡಿಸಿಕೊಳ್ಳುವುದು ಮಾತ್ರ ಮಿದುಳಿನ ಗಾತ್ರಕ್ಕೆ ಹೊಂದಲಿಲ್ಲ, ಊಟದ ಬಗೆಗೆ ಹೊಂದಿತು. ಕಾಡಿನಲ್ಲಿ ಕಾಯಿ ಒಡೆದು, ಬೀಜ ಬಿಡಿಸಿ, ಕಷ್ಟಪಟ್ಟು ತಿನ್ನುವ ಜಾತಿಗಳೇ ಪಂಜರದಲ್ಲಿ ತಮ್ಮ ಗರಿಗೆ ಬಾಯಿ ಹಾಕುತ್ತವೆ. ಕೊಕ್ಕು ಕೆಲಸ ಕೇಳುತ್ತದೆ ಎಂಬ ಮಾತಿಗೆ ಇದಕ್ಕಿಂತ ಗಟ್ಟಿ ಆಧಾರ ನನಗೆ ಕಂಡಿಲ್ಲ.

ಆ ಕೆಲಸವನ್ನು ಒದಗಿಸಲು ಆನ್‌ಲೈನಿನಲ್ಲಿ ಸಿಗುವ ಬಣ್ಣಬಣ್ಣದ ಪ್ಲಾಸ್ಟಿಕ್ ಆಟಿಕೆಗಿಂತ ಕರ್ನಾಟಕದ ಹಿತ್ತಲು ಶ್ರೀಮಂತ. ಅಡಿಕೆ ಹಾಳೆಯಷ್ಟು ಒಳ್ಳೆಯ ಗಿಳಿ ಆಟಿಕೆ ಇನ್ನೊಂದಿಲ್ಲ ಎಂದರೆ ಮಲೆನಾಡಿನವರು ನಕ್ಕಾರು, ಆದರೆ ಅದರ ನಾರನ್ನು ಎಳೆ ಎಳೆಯಾಗಿ ಸೀಳುವಾಗ ಕೊಕ್ಕು ಮಾಡುವ ಚಲನೆ ಗರಿ ಸೀಳುವಾಗಿನದೇ. ಹಾಳೆ ತಟ್ಟೆಯನ್ನು ತುಂಡು ಮಾಡಿ, ನಡುವೆ ತೂತು ಹಾಕಿ, ಗರಿ ಕೀಳಲು ಗಿಳಿ ಕೂರುವ ಜಾಗದ ಹತ್ತಿರವೇ ನೇತುಹಾಕಿ. ಮುತ್ತುಗದ ಎಲೆ, ಬಾಳೆಯ ಒಣ ಪಟ್ಟೆ, ತೆಂಗಿನ ಕರಟದೊಳಗೆ ಕಾಗದ ತುರುಕಿ ಬಚ್ಚಿಟ್ಟ ಬಾದಾಮಿ, ಸಿಪ್ಪೆ ಸಮೇತ ಮುಸುಕಿನ ಜೋಳ, ಬಿಡಿಸದ ಬಟಾಣಿ ಕಾಯಿ, ತೊಗಟೆಯಿರುವ ಸೀಬೆ ಕೊಂಬೆ ಎಲ್ಲವೂ ಆಗುತ್ತದೆ. ಔಷಧಿ ಹೊಡೆಯದ ಮರದ್ದಾಗಿರಬೇಕು, ತೊಳೆದು ಒಣಗಿಸಬೇಕು. ಕಣಗಿಲೆ, ದತ್ತೂರದ ಹತ್ತಿರ ಹೋಗಬೇಡಿ. ಕಡಲೆಕಾಯಿ ಕೊಡುವುದಾದರೆ ಬೂಷ್ಟು ಹಿಡಿಯದ್ದು, ಹುರಿದದ್ದು, ಉಪ್ಪಿಲ್ಲದ್ದು.

ಇಲ್ಲಿ ಆತುರ ಕೆಲಸ ಕೆಡಿಸುತ್ತದೆ. ವರ್ಷಗಟ್ಟಲೆ ಬಟ್ಟಲಿನಿಂದ ತಿಂದ ಹಕ್ಕಿಗೆ ಹುಡುಕುವುದು ಗೊತ್ತಿರುವುದಿಲ್ಲ. ಒಂದೇ ಸಲ ಐದು ಹೊಸ ವಸ್ತು ತೂಗುಹಾಕಿದರೆ ಅದು ಪಂಜರದ ಮೂಲೆ ಸೇರಿ, ಹೆದರಿ ಇನ್ನಷ್ಟು ಕೀಳುತ್ತದೆ. ಆಫ್ರಿಕನ್ ಗ್ರೇ ಈ ವಿಷಯದಲ್ಲಿ ಬಹಳ ಪುಕ್ಕಲು. ಮೊದಲು ಬಟ್ಟಲಿನ ಮೇಲೆ ಒಂದು ಕಾಗದ ಮುಚ್ಚಿ, ತಿಂಡಿ ಕಾಣುವಂತೆ. ಆಮೇಲೆ ಪೂರ್ತಿ ಮುಚ್ಚಿ. ಆಮೇಲೆ ಕಾಗದದಲ್ಲೇ ಪೊಟ್ಟಣ ಕಟ್ಟಿ, ಹಳೆಯ ದಿನಸಿ ಅಂಗಡಿಯ ಪೊಟ್ಟಣದ ಹಾಗೆ. ಪೊಟ್ಟಣ ಬಿಡಿಸಲು ಕಲಿತ ಗಿಳಿಗೆ ದಿನಕ್ಕೆ ಹತ್ತು ಪೊಟ್ಟಣ ಬೇರೆ ಬೇರೆ ಕಡೆ ಸಿಕ್ಕಿಸಿಟ್ಟು ಆಫೀಸಿಗೆ ಹೋಗಬಹುದು. ಸೂರ್ಯಕಾಂತಿ ಬೀಜ ಬಟ್ಟಲಿನಿಂದ ಮಾಯವಾಗಿ ಇಲ್ಲಿ ಬಹುಮಾನವಾಗಿ ಬರಲಿ, ಆಗ ಅದಕ್ಕೆ ಬೆಲೆಯೂ ಬರುತ್ತದೆ.

‘ಏಯ್, ಬೇಡ!’

ಗಿಳಿ ಗರಿಗೆ ಬಾಯಿ ಹಾಕಿದ ಕೂಡಲೇ ಮನೆಯವರೆಲ್ಲ ಒಟ್ಟಿಗೆ ಕೂಗುವ ಮಾತು ಇದು. ಅಡುಗೆಮನೆಯಿಂದ ಅಮ್ಮ ಓಡಿ ಬರುತ್ತಾರೆ, ಮಗ ಫೋನು ಬಿಟ್ಟು ಎದ್ದು ಬರುತ್ತಾನೆ. ಗಿಳಿಯ ಕಡೆಯಿಂದ ನೋಡಿದರೆ ಇಷ್ಟು ಹೊತ್ತು ತಿರುಗಿ ನೋಡದ ಹಿಂಡು, ಒಂದು ಗರಿ ಎಳೆದ ತಕ್ಷಣ ಬಳಿ ಬಂತು, ಮಾತಾಡಿಸಿತು. ಹೀಗೆ ಕಲಿಸಿದರೆ ಯಾರು ಕಲಿಯುವುದಿಲ್ಲ? ಕೆರೆತದಿಂದ ಶುರುವಾದದ್ದು ಕೆರೆತ ವಾಸಿಯಾದ ಮೇಲೂ ಮುಂದುವರಿಯಲು ಇದು ಒಂದು ಕಾರಣ. ಕೀಳುವಾಗ ಮಾತಿಲ್ಲ, ನೋಟವಿಲ್ಲ. ಕೀಳದೆ ಆಡುತ್ತಿರುವಾಗ, ಹಾಳೆ ಸೀಳುತ್ತಿರುವಾಗ ಹತ್ತಿರ ಹೋಗಿ ಮಾತಾಡಿಸುವುದು. ಹೇಳುವುದು ಸುಲಭ. ಬರಿಮೈ ಹಕ್ಕಿ ಕಣ್ಣೆದುರೇ ಗರಿ ಎಳೆಯುವಾಗ ಸುಮ್ಮನಿರುವುದು ಮನೆಯ ಹಿರಿಯರಿಗೆ ಕ್ರೌರ್ಯದಂತೆ ಕಾಣುತ್ತದೆ, ಅವರನ್ನು ಒಪ್ಪಿಸುವುದು ಗಿಳಿಯನ್ನು ಒಪ್ಪಿಸುವುದಕ್ಕಿಂತ ಕಷ್ಟ.

ಯಾವಾಗ ಕೀಳುತ್ತದೆ ಎಂದು ಒಂದು ವಾರ ಬರೆದಿಟ್ಟರೆ ಅರ್ಧ ಉತ್ತರ ಸಿಕ್ಕಂತೆ. ಹಳೆಯ ಮೊಬೈಲನ್ನು ಪಂಜರದ ಎದುರು ಇಟ್ಟು ರೆಕಾರ್ಡ್ ಮಾಡಿದರೂ ಆಯಿತು. ಎಲ್ಲರೂ ಹೊರಟ ಮೇಲಿನ ಮೊದಲ ಅರ್ಧ ಗಂಟೆಯೇ? ಕಿಟಕಿಯಾಚೆ ಹದ್ದು ಕಂಡಾಗಲೇ? ಮಿಕ್ಸಿ ತಿರುಗಿದಾಗಲೇ? ದೀಪಾವಳಿಯ ಪಟಾಕಿಯ ನಂತರ ಶುರುವಾಯಿತೇ? ಕಾರಣ ಭಯವಾದರೆ ಪಂಜರದ ಹಿಂಬದಿ ಗೋಡೆಗೆ ತಾಗಿರಲಿ, ಮೇಲಿನ ಒಂದು ಮೂಲೆಗೆ ಮರೆಯಿರಲಿ. ಒಂಟಿತನವಾದರೆ ಒಬ್ಬಂಟಿಯಾಗಿರುವುದನ್ನೂ ಕಲಿಸಬೇಕು: ಎರಡು ನಿಮಿಷ ಬೇರೆ ಕೋಣೆಗೆ ಹೋಗಿ ಬರುವುದು, ಆಮೇಲೆ ಐದು, ಆಮೇಲೆ ಅರ್ಧ ಗಂಟೆ. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತ ಹಗಲಿಡೀ ಹೆಗಲ ಮೇಲೆ ಕೂರಿಸಿಕೊಂಡು, ಕಚೇರಿ ತೆರೆದ ದಿನ ಒಮ್ಮೆಲೇ ಬಿಟ್ಟು ಹೋದರೆ ಆ ಹಕ್ಕಿಗೆ ಏನಾಗಬೇಕು?

ನಿದ್ದೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಮಭಾಜಕ ವೃತ್ತದ ಹತ್ತಿರದ ಆಫ್ರಿಕನ್ ಗ್ರೇಯಂಥ ಹಕ್ಕಿಗಳಿಗೆ ವರ್ಷವಿಡೀ ಸುಮಾರು ಹನ್ನೆರಡು ಗಂಟೆಯ ರಾತ್ರಿ. ನಮ್ಮ ಪಡಸಾಲೆಯಲ್ಲಿ ಧಾರಾವಾಹಿ ಮುಗಿದು ದೀಪ ಆರುವುದು ಹನ್ನೊಂದಕ್ಕೆ, ಹಾಲಿನವನ ಗಂಟೆ ಐದೂವರೆಗೆ. ಮಲಗಲು ಬೇರೆ ಚಿಕ್ಕ ಪಂಜರ, ಕತ್ತಲ ಕೋಣೆ ಇದ್ದರೆ ಒಳ್ಳೆಯದು. ಹಗಲಿನಲ್ಲಿ ಸ್ವಲ್ಪ ನೇರ ಬಿಸಿಲು ಬೇಕು, ನೆರಳಿಗೆ ಸರಿಯುವ ಜಾಗದೊಂದಿಗೆ. ಗಾಜಿನ ಕಿಟಕಿಯ ಒಳಗಿನಿಂದ ಬರುವ ಬಿಸಿಲಿನಲ್ಲಿ ಡಿ ಜೀವಸತ್ವ ತಯಾರಿಸುವ ಕಿರಣಗಳು ಇರುವುದಿಲ್ಲ.

ಮುದ್ದಿನ ಬಗ್ಗೆ ಒಂದು ಮಾತು. ಬೆನ್ನು, ರೆಕ್ಕೆಯ ಅಡಿ, ಬಾಲದ ಬುಡ ಸವರಿದರೆ ಗಿಳಿಗೆ ಅದು ಜೋಡಿಯ ಸ್ಪರ್ಶ. ಸೋಫಾದ ಅಡಿ, ಬೀರುವಿನ ಸಂದಿ ಅದಕ್ಕೆ ಗೂಡಿನ ಪೊಟರೆ. ಇದರಿಂದ ಎದ್ದ ಬೆದೆ ತೀರದೆ ಗರಿಯ ಮೇಲೆ ಇಳಿಯುತ್ತದೆ. ಸವರುವುದಾದರೆ ತಲೆ, ಕುತ್ತಿಗೆ ಸಾಕು. ಮಾರಾಟಗಾರರು ‘ಹ್ಯಾಂಡ್ ಫೆಡ್’ ಎಂದು ಹೊಗಳಿ ಮಾರುವ, ಕಣ್ಣು ಬಿಡುವ ಮೊದಲೇ ತಾಯಿಯಿಂದ ಬೇರ್ಪಡಿಸಿ ಸಿರಿಂಜಿನಲ್ಲಿ ಗಂಜಿ ಕುಡಿಸಿ ಬೆಳೆಸಿದ ಮರಿಗಳಲ್ಲಿ ಈ ಗೊಂದಲ ಹೆಚ್ಚು. ಮನುಷ್ಯನನ್ನೇ ಜೋಡಿಯೆಂದು ನಂಬಿದ ಹಕ್ಕಿ ಅದು. ಹೆಚ್ಚು ಹಣ ಕೊಟ್ಟು ತರುವ ‘ಪಳಗಿದ ಮರಿ’ಯಲ್ಲೇ ಮುಂದಿನ ತೊಂದರೆಯ ಬೀಜವೂ ಬಂದಿರುತ್ತದೆ ಎಂದು ಅಂಗಡಿಯವರು ಹೇಳುವುದಿಲ್ಲ. ವಂಶದ ಪಾಲೂ ಇದೆ. ಅಮೆಜಾನ್ ಗಿಳಿಗಳ ಮೇಲಿನ ಒಂದು ಅಧ್ಯಯನದಲ್ಲಿ ಗರಿ ಕೀಳುವುದು ಒಡಹುಟ್ಟಿದವರಲ್ಲಿ ಕಂಡಿತು, ಪಕ್ಕದ ಪಂಜರದವರನ್ನು ನೋಡಿ ಕಲಿತದ್ದು ಕಾಣಲಿಲ್ಲ.

ಹಾಗಾದರೆ ಜೋಡಿಯೊಂದನ್ನು ತಂದುಬಿಟ್ಟರೆ? ಕೆಲವು ಸಲ ನೆರವಾಗುತ್ತದೆ. ಕೆಲವು ಸಲ ಎರಡೂ ಹೊಡೆದಾಡುತ್ತವೆ, ಮತ್ತೆ ಕೆಲವು ಸಲ ಹೊಸದು ಹಳೆಯದರ ತಲೆಯ ಗರಿಯನ್ನೂ ಕೀಳುತ್ತದೆ. ಚಿಕಿತ್ಸೆ ಎಂದು ಹಕ್ಕಿ ಕೊಳ್ಳಬಾರದು. ಕೊಂಡದ್ದಾದರೆ ಕಡಿಮೆಯೆಂದರೂ ಒಂದು ತಿಂಗಳು ಬೇರೆ ಕೋಣೆ, ವೈರಸ್ ಪರೀಕ್ಷೆ ಆಗಲೇಬೇಕು.

ಕುತ್ತಿಗೆ ಪಟ್ಟಿ ಮತ್ತು ಮಾತ್ರೆ ಕೊನೆಗೆ ಬರುವಂಥವು. ಗರಿ ಮುಗಿದು ಚರ್ಮ, ಮಾಂಸಕ್ಕೆ ಬಾಯಿ ಹಾಕಿ ರಕ್ತ ಬರುತ್ತಿದ್ದರೆ ಗಾಯ ಮಾಯುವವರೆಗೆ ಪಟ್ಟಿ ಬೇಕು. ಕಾಕಟೂಗಳು ಎದೆಯನ್ನು ಹೀಗೆ ಕಡಿದುಕೊಂಡು ಪ್ರಾಣಕ್ಕೆ ತಂದುಕೊಂಡದ್ದಿದೆ. ಉಳಿದಂತೆ ಪಟ್ಟಿ ಕೊಕ್ಕನ್ನು ಕಟ್ಟಿಹಾಕುತ್ತದೆಯೇ ಹೊರತು ಕಾರಣವನ್ನಲ್ಲ, ತೆಗೆದ ಸಂಜೆಯೇ ಮತ್ತೆ ಶುರು. ಮನುಷ್ಯರ ಖಿನ್ನತೆಗೆ, ಗೀಳಿಗೆ ಕೊಡುವ ಕೆಲವು ಔಷಧಗಳನ್ನು ಹಕ್ಕಿ ವೈದ್ಯರು ಬಳಸುತ್ತಾರೆ. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕ್ಲೋಮಿಪ್ರಮೀನ್ ಪಡೆದ ಕಾಕಟೂಗಳು ಸುಧಾರಿಸಿದ್ದವು. ದಿನಚರಿ ಬದಲಾಗದೆ ಬರಿಯ ಮಾತ್ರೆಯಿಂದ ಆಗುವುದು ಸ್ವಲ್ಪ. ಮನೆಯಲ್ಲಿರುವ ಮಾತ್ರೆಯನ್ನು ಚೂರು ಮಾಡಿ ಕೊಡುವುದಂತೂ ಅಪಾಯ, ಆಫ್ರಿಕನ್ ಗ್ರೇಯ ತೂಕವೇ ಅರ್ಧ ಕಿಲೋದ ಆಸುಪಾಸು.

ಗರಿ ಮತ್ತೆ ಬರಲು ಎಷ್ಟು ದಿನ ಹಿಡಿಯುತ್ತದೆ ಎಂದು ತಿಳಿಯಲು ಮೊದಲೇ ಹೇಳಿದ ವ್ಯತ್ಯಾಸಕ್ಕೆ ಮರಳಬೇಕು. ಬುಡಸಮೇತ ಕಿತ್ತ ಗರಿಯ ಜಾಗದಲ್ಲಿ ಕೆಲವು ವಾರಗಳಲ್ಲೇ ಹೊಸದು ಮೊಳೆಯುತ್ತದೆ. ಜಗಿದು ತುಂಡಾದ ಗರಿ, ರೆಕ್ಕೆ ಕತ್ತರಿಸಿದಾಗ ಉಳಿದ ಮೋಟು ಕಡ್ಡಿ ಹಾಗಲ್ಲ. ಅದು ತಾನಾಗಿ ಉದುರುವವರೆಗೆ, ಅಂದರೆ ಮುಂದಿನ ಗರಿ ಬದಲಾಗುವ ಕಾಲದವರೆಗೆ, ಹಾಗೇ ಇರುತ್ತದೆ. ಗಿಳಿ ಜಗಿಯುವುದನ್ನು ಎಂದೋ ಬಿಟ್ಟಿದ್ದರೂ ನೋಡಲು ಹರಕಲಾಗಿಯೇ ಕಾಣುವುದು ಇದರಿಂದ. ಹೊಸ ಗರಿ ಮೊಳೆಯುವಾಗ ತುರಿಕೆ ಇರುತ್ತದೆ, ಎಳೆ ಗರಿಯ ಕಡ್ಡಿಯೊಳಗೆ ರಕ್ತ ಹರಿಯುತ್ತಿರುತ್ತದೆ. ಬಹಳ ಹಕ್ಕಿಗಳು ಮತ್ತೆ ಹಳೆಯ ಚಾಳಿಗೆ ಬೀಳುವುದು ಈ ಘಟ್ಟದಲ್ಲೇ. ಆ ವಾರಗಳಲ್ಲಿ ಸ್ನಾನ ಹೆಚ್ಚಿರಲಿ, ಹಾಳೆ, ಪೊಟ್ಟಣ ಇನ್ನಷ್ಟಿರಲಿ. ಎಳೆ ಗರಿ ಮುರಿದು ರಕ್ತ ಸುರಿದರೆ ಮುಸುಕಿನ ಜೋಳದ ಪಿಷ್ಟ (ಕಾರ್ನ್‌ಫ್ಲೋರ್) ಒತ್ತಿ ಹಿಡಿದು ಆಸ್ಪತ್ರೆಗೆ ಹೊರಡಿ.

ವರ್ಷಗಟ್ಟಲೆ ಕಿತ್ತ ಜಾಗದಲ್ಲಿ ಗರಿಯ ಕುಳಿಯೇ ಗಾಯಗಟ್ಟಿ ಮುಚ್ಚಿಹೋಗಿರುತ್ತದೆ. ಅಲ್ಲಿ ಇನ್ನು ಗರಿ ಬರುವುದಿಲ್ಲ, ಗಿಳಿ ಎಷ್ಟೇ ನೆಮ್ಮದಿಯಾಗಿದ್ದರೂ. ಇದನ್ನು ಒಪ್ಪಿಕೊಳ್ಳುವುದು ಗಿಳಿಗಿಂತ ಯಜಮಾನನಿಗೆ ಕಷ್ಟ, ಏಕೆಂದರೆ ಬಂದವರೆಲ್ಲ ಕೇಳುತ್ತಾರೆ. ಎದೆ ಬೋಳಾದ ಹಕ್ಕಿ ದಿನಕ್ಕೆ ಹತ್ತು ಪೊಟ್ಟಣ ಬಿಡಿಸುತ್ತಿದ್ದರೆ, ತೂಕ ಸರಿಯಿದ್ದರೆ, ಸಂಜೆ ಗಲಾಟೆ ಮಾಡುತ್ತಿದ್ದರೆ ನನ್ನ ಲೆಕ್ಕದಲ್ಲಿ ಅದು ವಾಸಿಯಾದ ಹಕ್ಕಿ. ಅದಕ್ಕೆ ಬೇಕಾದದ್ದು ಮೈ ಬಿಸಿ ಹಿಡಿದಿಡಲು ಒಂದಿಷ್ಟು ಹೆಚ್ಚಿನ ಊಟ, ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಪಂಜರಕ್ಕೆ ಮೂರು ಕಡೆ ಹೊದಿಕೆ, ತಲೆಯ ಮೇಲೆ ತಿರುಗುವ ಫ್ಯಾನಿನಿಂದ ದೂರದ ಜಾಗ, ಮತ್ತು ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ. ಆಫ್ರಿಕನ್ ಗ್ರೇ ನಲವತ್ತು, ಐವತ್ತು ವರ್ಷ ಬದುಕುತ್ತದೆ. ಆದ್ದರಿಂದ ಪೊಟ್ಟಣ ಕಟ್ಟುವುದನ್ನು ಮನೆಯ ಮಕ್ಕಳಿಗೂ ಈಗಲೇ ಕಲಿಸಿಡುವುದು ಒಳ್ಳೆಯದು.